ಇಬ್ಬರಿಗೆ ಅನುಮತಿ

ನಮ್ಮ ಕ್ಯಾಪ್ಟನ್ ಸಾಹೇಬರಿಗೆ ಆಗ ಇಪ್ಪತ್ತಾರು, ನನ್ನ ಮಗನಿಗಿಂತ ಒಂದು ವರ್ಷ ಚಿಕ್ಕವರು. ಆದರೂ ದಿನಕ್ಕೆ ಇಪ್ಪತ್ತು ಸಲ ಸೆಲ್ಯೂಟ್ ಹೊಡೆಯುವವನು ನಾನು, ಈ ಮುದಿ ಸುಬೇದಾರ. ಪರದೇಶದಲ್ಲಿ ಶಾಂತಿ ಕಾಯಲು ಹೋದ ನಲವತ್ತು ಜನರಿಗೆ ಅವರೇ ದೊಡ್ಡವರು. ಕಾಯುವುದೆಂದರೆ ಏನು ಮಹಾ? ಬೆಳಿಗ್ಗೆ ಹಾಜರಿ, ನೀರಿನ ಟ್ಯಾಂಕಿಗೆ ಕೋಲಿಳಿಸಿ ಅಳತೆ, ಸೇತುವೆಯವರೆಗೆ ಜೀಪಿನಲ್ಲಿ ಗಸ್ತು, ಸಂಜೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ವರದಿ. ಸಾಹೇಬರ ತಾಯಿ ಫೋನ್ ಮಾಡಿದರೆ ಎಲ್ಲಕ್ಕೂ ಆರಾಮಾಗಿದ್ದೇನೆ ಎಂಬ ಒಂದೇ ಉತ್ತರ. ಅಲ್ಲಿ ಏನು ಕೆಲಸ ಮಾಡುತ್ತೀಯ ಎಂದು ಕೇಳಿದರೆ ಮಾತ್ರ ತಡವರಿಸುತ್ತಿದ್ದರು.

ಸೇತುವೆಯ ಈಚೆ ಒಬ್ಬ ದರ್ಜಿ ಹೆಂಗಸು, ನಮ್ಮ ಹರಿದ ಸಮವಸ್ತ್ರ ಹೊಲಿದುಕೊಡುವವಳು. ದುಡಿಯಲು ಹೋದ ಮಗನ ಪತ್ತೆಯಿಲ್ಲ, ಮನೆಯಲ್ಲಿ ತುಂಬು ಬಸುರಿ ಸೊಸೆ. ಸೊಸೆಗೆ ಕಾಲು ಬಾತುಕೊಂಡು ಕಣ್ಣು ಕತ್ತಲಿಡುತ್ತಿತ್ತು. ಆಸ್ಪತ್ರೆ ಇದ್ದದ್ದು ಸೇತುವೆಯಾಚೆ. ದಾಟಲು ಚೀಟಿ ಬೇಕು, ಚೀಟಿಯಲ್ಲಿ ತಲೆ ಎಷ್ಟು ಎಂದು ಬರೆದಿರಬೇಕು. ಸಾಹೇಬರು ಅಂದೇ ಅರ್ಜಿ ಹಾಕಿದರು: ಅತ್ತೆ, ಸೊಸೆ, ಒಟ್ಟು ಇಬ್ಬರು. ಹೆರಿಗೆಗೆ ಇನ್ನೂ ಎರಡು ವಾರವಿದೆ ಎಂದು ಅತ್ತೆಯೇ ಹೇಳಿದ್ದಳು. ಮೂವರು ಎಂದು ಬರೆಯುವುದು ನಮ್ಮ ಯಾರಿಗೂ ಹೊಳೆಯಲಿಲ್ಲ.

ಮುಖ್ಯ ಕಚೇರಿಯವರು ಚೀಟಿ ಕಳಿಸಲು ಐದು ದಿನ ತೆಗೆದುಕೊಂಡರು. ದಿನಾ ಫೋನ್ ಮಾಡಿ ಮಾಡಿ ಸಾಹೇಬರ ಗಂಟಲು ಒಣಗಿತು. ಕೊನೆಗೆ ಚೀಟಿ ಹಿಡಿದು ಹೋದರೆ, ಬೆಳಗಿನ ಜಾವವೇ ಹೆರಿಗೆಯಾಗಿಬಿಟ್ಟಿತ್ತು. ರಕ್ತ ನಿಂತಿರಲಿಲ್ಲ, ಸೊಸೆಗೆ ಎಚ್ಚರವಿರಲಿಲ್ಲ. ಅವಳನ್ನು ಜೀಪಿನ ಹಿಂಬದಿಯಲ್ಲಿ ಮಲಗಿಸಿದೆವು. ಅತ್ತೆ ಕೂಸನ್ನೆತ್ತಿಕೊಂಡು ಹತ್ತಿದಳು.

ಸೇತುವೆಯ ಅಡ್ಡಗಂಬದ ಬಳಿ ಬೇರೊಂದು ಪಡೆಯ ಕಾವಲುಗಾರ ತಲೆ ಎಣಿಸಿದ. ಚೀಟಿಯಲ್ಲಿ ಇಬ್ಬರು, ಜೀಪಿನಲ್ಲಿ ನಮ್ಮವರನ್ನು ಬಿಟ್ಟು ಮೂವರು. ಸಾಹೇಬರು ಕೂಸನ್ನು ತೋರಿಸಿ ವಾದಿಸಿದರು, ಆಮೇಲೆ ಕೈಮುಗಿದರು. ವೈರ್‌ಲೆಸ್ಸಿನಲ್ಲಿ ಕಚೇರಿಯನ್ನು ಕೇಳಿದರೆ ಹೊಸ ಅರ್ಜಿ ಹಾಕಿ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಕಂಬ ಮುರಿದುಕೊಂಡೇ ಹೋಗೋಣ ಎನ್ನಬೇಕೆನಿಸಿತು. ಆದರೆ ಎದುರಿಗೆ ಬಂದೂಕುಗಳಿದ್ದವು.

ಅತ್ತೆ ಸಾಹೇಬರ ಮುಖವನ್ನೇ ನೋಡುತ್ತ ಏನೋ ಹೇಳಿದಳು. ನಮ್ಮ ದುಭಾಷಿ ಅದನ್ನು ತಿಳಿಸಿದ.

“ಯಾರು ಇಳೀಬೇಕು, ನೀನೇ ಹೇಳಪ್ಪ.”

ನಲವತ್ತು ಜನರಿಗೆ ಹುಕುಂ ಕೊಡುವವರಿಗೆ ಅದೊಂದು ಹೇಳಲಾಗಲಿಲ್ಲ. ಎಚ್ಚರವಿಲ್ಲದವಳ ಪಕ್ಕದಲ್ಲಿ ಹಸುಗೂಸನ್ನು ಬಿಡುವ ಹಾಗಿರಲಿಲ್ಲ. ಅತ್ತೆಯೇ ಸೊಸೆಯ ಹಣೆ ಸವರಿ, ಕೂಸಿನೊಂದಿಗೆ ಇಳಿದು, ಕಂಬದ ಪಕ್ಕದ ಕಲ್ಲಿನ ಮೇಲೆ ಕುಳಿತಳು.

ಆಸ್ಪತ್ರೆ ಮುಟ್ಟಿದ ಅರ್ಧ ಗಂಟೆಗೆ ಸೊಸೆ ತೀರಿಕೊಂಡಳು. ಕೊನೆಗಾಲಕ್ಕೆ ಅವಳ ಬಳಿ ತನ್ನವರೆನ್ನುವವರು ಒಬ್ಬರೂ ಇರಲಿಲ್ಲ. ಸಾಹೇಬರು ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತರು. ಬೆನ್ನು ಸವರಲು ಕೈ ಚಾಚಿದೆ, ಅವರು ಸಾಹೇಬರಲ್ಲವೇ ಎಂದು ಹಿಂತೆಗೆದೆ.

ದೇಹವನ್ನು ಆಸ್ಪತ್ರೆಯಲ್ಲೇ ಬಿಟ್ಟು ಮಧ್ಯಾಹ್ನ ಹಿಂದಿರುಗಿದಾಗ ಅತ್ತೆ ಆ ಬಿಸಿಲಿನಲ್ಲೇ, ಬೆನ್ನು ಬಗ್ಗಿಸಿ ಕೂಸಿಗೆ ನೆರಳು ಮಾಡಿಕೊಂಡು ಕುಳಿತಿದ್ದಳು. ಸಾಹೇಬರು ಇಳಿದು ಟೋಪಿ ತೆಗೆದರು, ದುಭಾಷಿ ತಲೆತಗ್ಗಿಸಿದ. ಅವಳು ಜೀಪಿನ ಹಿಂಬದಿಗೆ ಬಂದು ಒಳಗೆ ನೋಡಿದಳು, ಖಾಲಿಯಾಗಿತ್ತು. ಆಮೇಲೆ ಕೇಳಿದ್ದನ್ನು ದುಭಾಷಿ ಸಣ್ಣ ದನಿಯಲ್ಲಿ ನಮಗೆ ಹೇಳಿದ.

“ಈಗ ನಾವು ಇಬ್ಬರೇ ಇದೀವಿ. ಹತ್ತಬಹುದಾ?”

ಕಾವಲುಗಾರ ಚೀಟಿ ನೋಡಿ ಕಂಬ ಎತ್ತಿದ.