ಗಿಡದಲ್ಲೇ ಕೆಂಪೇರಬೇಕಿದ್ದ ಟೊಮೆಟೊ

ಹಣ್ಣಿನೊಳಗಿನ ಸಕ್ಕರೆಗೆ ಮನುಷ್ಯ ಕೈಹಾಕುವುದು ಎಂದೂ ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ನಮ್ಮೂರು ಗರಗದ ಹೊಲದಲ್ಲಿ ಟೊಮೆಟೊ ಬುಟ್ಟಿಗೆ ತುಂಬುತ್ತಲೇ ಹೇಳಿದ್ದರು: "ಮಣ್ಣು ಕೊಟ್ಟಷ್ಟು ಸಿಹಿ, ತಂಗಿ. ನೀ ಏನ್ ಚಮಚಾ ಹಿಡಕೊಂಡು ಒಳಗ ಹೋಗಾಕಿ ಏನು?" ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನಾಗ ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ; ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು.

ಸಂಗತಿ ಸರಳ, ಗೆಳೆಯರೇ. ಎಲೆ ಬಿಸಿಲಿನಲ್ಲಿ ಅಟ್ಟ ಅಡುಗೆ ಸಕ್ಕರೆಯಾಗಿ, ಕಾಂಡದ ಸೂಕ್ಷ್ಮ ನಾಳಗಳಲ್ಲಿ ಹರಿದು ಕಾಯಿಯನ್ನು ಸೇರುತ್ತದೆ. ಅಲ್ಲೊಂದು ಕಿಣ್ವ ಅದನ್ನು ಎರಡು ಸಣ್ಣ ಸಕ್ಕರೆಗಳಾಗಿ ಒಡೆಯುತ್ತದೆ. ಆ ಕಿಣ್ವದ ವಂಶವಾಹಿಯನ್ನು ಕೆಲಸ ಮಾಡದಂತೆ ಅಡಗಿಸಿದ ಗಿಡಗಳು ನಮ್ಮ ವಿಭಾಗದ ಗಾಜಿನ ಮನೆಯಲ್ಲಿದ್ದವು. ಬಂದ ಸಕ್ಕರೆ ಒಡೆಯದೆ ಉಳಿಯುತ್ತದೆಂದು ತೋರಿಸಿದರೆ ನನಗೆ ಪದವಿ. ಇಲ್ಲವಾದರೆ ಇನ್ನೊಂದು ವರ್ಷ ಓದಿಸಲು ಮನೆಯಲ್ಲಿ ಯಾರೂ ಒಪ್ಪುವವರಿರಲಿಲ್ಲ.

ಮೊದಲ ಕೊಯ್ಲಿನಲ್ಲೇ ಎಡವಿದೆ. ಸಂತೆಗೆ ಕಳಿಸುವ ನಮ್ಮ ಮನೆಯ ರೂಢಿಯಂತೆ, ಕಾಯಿ ಬಣ್ಣ ತಿರುಗಿದ ಕೂಡಲೇ ಕಿತ್ತು, ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡಿದೆ. ಅಳೆದರೆ, ಮಾರ್ಪಡಿಸಿದ ಹಣ್ಣಿಗೂ ಸಾದಾ ಹಣ್ಣಿಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ಮಾರ್ಗದರ್ಶಕರು ಹುಲ್ಲು ನೋಡಿ ನಕ್ಕರು.

"ಏನವ್ವಾ, ಹಾದಿ ಕಡದು, ಗಾಡಿ ಯಾಕ ಬರಲಿಲ್ಲ ಅಂತ ಕೇಳಾಕತ್ತೀಯಲ್ಲ?"

ಖರೇ. ಕಿತ್ತ ಕಾಯಿ ಕೆಂಪಾದೀತು. ಎಲೆಯಿಂದ ಮಾತ್ರ ಅದಕ್ಕೆ ಇನ್ನೇನೂ ಬಾರದು. ಬೇಗ ಕಿತ್ತು, ಬೇಗ ಕೆಂಪು ಮಾಡಿ, ಬೇಗ ಸಾಗಿಸುವುದೇ ನಮ್ಮಲ್ಲಿ ಜಾಣತನ, ಹೆಣ್ಣುಮಕ್ಕಳ ಓದಿನ ವಿಷಯದಲ್ಲೂ. ಗಿಡದಲ್ಲಿ ಉಳಿದಿದ್ದ ಕಾಯಿಗಳನ್ನು ಈ ಸಲ ನಾನು ಮುಟ್ಟಲಿಲ್ಲ.

ಪೂರ್ತಿ ಕೆಂಪೇರಿದ ಮೇಲೆ ಅಳೆದೆ. ಮಾರ್ಪಡಿಸಿದ ಹಣ್ಣಿನಲ್ಲಿ ಒಡೆಯದ ಸಕ್ಕರೆ ತುಂಬಿಕೊಂಡಿತ್ತು. ಹಣ್ಣು ಮಾತ್ರ ಚಿಕ್ಕದು, ಏಕೆಂದರೆ ಒಡೆದ ಸಕ್ಕರೆ ಸೆಳೆಯುವಷ್ಟು ನೀರನ್ನು ಒಡೆಯದ್ದು ಸೆಳೆಯಲಾರದು.

"ಲಿಂಬಿಹಣ್ಣಿನಷ್ಟು ಟೊಮೆಟೊ ಮಾಡಾಕ ಇಷ್ಟು ವರ್ಷ ಸಾಲಿ ಕಲ್ತಿ?" ಎಂದರು ದೊಡ್ಡಪ್ಪ, ಊರಿಗೆ ಹೋಗಿ ಹೇಳಿದಾಗ.

"ಹೂನ್ರಿ. ಆದರ ಒಳಗ ಹೋಗಿ ಬಂದೇನಿ," ಎಂದೆ.

ಅವ್ವನಿಗೆ ಒಂದು ಹಣ್ಣು ತಿಂದು ನೋಡುವ ಆಸೆ. ವಂಶವಾಹಿ ತಿದ್ದಿದ ಹಣ್ಣು ನಿಯಮದ ಪ್ರಕಾರ ಗಾಜಿನ ಮನೆ ದಾಟುವಂತಿಲ್ಲ, ಅಳೆದ ಮೇಲೆ ಬೀಜಸಮೇತ ಬೇಯಿಸಿ ಹೂಳಬೇಕು ಎಂದೆ. "ಬೆಳದಾಕಿಗೂ ತಿನ್ನಾಕ ಬಿಡೂದಿಲ್ಲಂದ್ರ ಇದೆಂಥಾ ಒಕ್ಕಲತನ?" ಎಂದು ಗೊಣಗಿದಳು.

ಪದವಿ ಪ್ರದಾನದ ದಿನ ವೇದಿಕೆಯಿಂದ ಇಳಿದವಳೇ ಪ್ರಮಾಣಪತ್ರವನ್ನು ಅವ್ವನ ಕೈಗಿತ್ತೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಅಕ್ಷರ ಬಾರದವಳು, ಮುದ್ರೆಯ ಉಬ್ಬಿನ ಮೇಲೆ ಬೆರಳಾಡಿಸಿದಳು. ಆಮೇಲೆ ಬಾಗಿಲ ಕಡೆ ನೋಡಿ ಮೆಲ್ಲನೆ ಕೇಳಿದಳು:

"ಇದನ್ನಾರ ಮನಿಗೆ ಒಯ್ಯಾಕ ಬಿಡ್ತಾರಲ್ಲ?"