ಬಾಯಾರ ಮಶೀನಿನ ಸಣ್ಣ ಅಕ್ಷರ

ನನಗೆ ಬರುತ್ತಿದ್ದ ಕಸುಬು ಟೈಪ್‌ರೈಟರ್ ರಿಪೇರಿ ಒಂದೇ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಮುಂದೆ ಓದಿಸುವವರಿಲ್ಲದೆ ಹುಬ್ಬಳ್ಳಿಯ ಒಂದು ಟೈಪಿಂಗ್ ಕ್ಲಾಸು ಸೇರಿದೆ. ಅಲ್ಲಿಯ ಮಶೀನುಗಳಿಗೆ ಎಣ್ಣೆ ಹಾಕುತ್ತ, ಮುರಿದ ಅಕ್ಷರದ ಕಡ್ಡಿಗಳನ್ನು ಬೆಸೆಯುತ್ತ ವಯಸ್ಸು ಕಳೆದೆ. ಕಲಿಸುವ ಕೆಲಸ ಬಾಯಾರದು; ಪಾಠ ಹೇಳುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಹಾಗೇ ಕರೆಯುವುದು. ಅವರು ಇಂಗ್ಲಿಷ್ ಟೈಪಿಂಗಿನ ಹೈಯರ್ ಪರೀಕ್ಷೆ ಪಾಸಾದವರು. ಬೆರಳುಗಳ ಮೇಲೆ ಕರವಸ್ತ್ರ ಹೊದಿಸಿಕೊಂಡು ಟೈಪ್ ಮಾಡಿ ತೋರಿಸುತ್ತಿದ್ದರು, ಒಂದೂ ತಪ್ಪು ಇರುತ್ತಿರಲಿಲ್ಲ. ಗಂಡ ಬಿಟ್ಟುಹೋದ ಮೇಲೆ ಹಳೇ ಹುಬ್ಬಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದರು. 'ತಮ್ಮನ ಮನ್ಯಾಗ ಇದ್ದರೂ ನನ್ನ ಅನ್ನ ನಾ ಉಣ್ತೇನಿ' ಎಂಬುದು ಅವರು ಆಗಾಗ ಆಡುತ್ತಿದ್ದ ಮಾತು. ಆ ಮಾತಿನ ತೂಕ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕಂಪ್ಯೂಟರ್ ಬಂದ ಮೇಲೆ ಟೈಪಿಂಗ್ ಕ್ಲಾಸು ಮುಚ್ಚಿತು. ಅದೇ ಹೊತ್ತಿಗೆ ಅರಳೆ ವ್ಯಾಪಾರದ ಮನೆತನದ ಒಬ್ಬ ತರುಣ ಸಾವಕಾರರು ದುರ್ಗದಬೈಲಿನ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ಡೇಟಾ ಎಂಟ್ರಿ ಕೆಲಸ ಶುರು ಮಾಡಿದರು. ಹೊರಗಿನಿಂದ ಇಂಗ್ಲಿಷ್ ಪುಸ್ತಕಗಳ ಹಾಳೆಗಳು ಬರುತ್ತಿದ್ದವು. ಅವನ್ನು ನೋಡಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಕಳಿಸುವುದು ಕೆಲಸ. ನಮ್ಮಿಬ್ಬರನ್ನೂ ಅವರು ಕರೆದುಕೊಂಡರು. ಬಾಯಾರು ಟೈಪ್ ಮಾಡುವವರು, ನಾನು ಮಶೀನು ನೋಡಿಕೊಳ್ಳುವವನು. ಟೈಪ್‌ರೈಟರ್ ಬಲ್ಲವನಿಗೆ ಕಂಪ್ಯೂಟರೂ ಬಂದೀತು ಎಂದು ಸಾವಕಾರರು ತಿಳಿದರು. ನಾನೂ ಹಾಗೆಯೇ ತಿಳಿದಂತೆ ನಡೆದುಕೊಂಡೆ.

ಆಗ ಕಂಪ್ಯೂಟರಿಗೆ ಕಳ್ಳ ಸಿ.ಡಿ.ಯ ಸಾಫ್ಟ್‌ವೇರ್ ಹಾಕಿಕೊಂಡ ಅಂಗಡಿಗಳ ಮೇಲೆ ದಾಳಿ ಆಗುತ್ತದೆ ಎಂಬ ಸುದ್ದಿ ಊರಿನಲ್ಲಿ ಹಬ್ಬಿತ್ತು. ಸಾವಕಾರರು ಹೆದರಿ, ವಿದ್ಯಾನಗರದ ಕಾಲೇಜಿನ ಒಬ್ಬ ಮೇಷ್ಟ್ರನ್ನು ಕರೆಸಿ ಎಲ್ಲ ಮಶೀನುಗಳಿಗೂ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಸಾಫ್ಟ್‌ವೇರ್ ಹಾಕಿಸಿದರು. ಅದರಲ್ಲಿ ಸ್ಕ್ರೀನಿನ ವಿಷಯವೆಲ್ಲ ಒಂದು ಫೈಲಿನಲ್ಲಿ ಬರೆದಿರಬೇಕು. ಮಾನಿಟರು ತಡೆದುಕೊಳ್ಳುವ ಫ್ರೀಕ್ವೆನ್ಸಿ ಎಷ್ಟರಿಂದ ಎಷ್ಟರವರೆಗೆ, ಸ್ಕ್ರೀನಿನ ಅಳತೆ ಎಷ್ಟು, ಎಲ್ಲವೂ ಅಲ್ಲಿ. ಅಂಕಿ ತಪ್ಪಿದರೆ ಮಾನಿಟರು ಸುಟ್ಟುಹೋಗಬಹುದು ಎಂಬ ಎಚ್ಚರಿಕೆಯೂ ಇತ್ತು. ಆ ಫೈಲು ತೆರೆಯುವ ಪಾಸ್‌ವರ್ಡ್ ಮೇಷ್ಟ್ರು ನನ್ನ ಕೈಗೆ ಕೊಟ್ಟು ಹೋದರು. ಆ ಮಾಳಿಗೆಯಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ. ಅದರ ಜಂಬ ನನಗಿತ್ತು.

ಮೇಷ್ಟ್ರು ಸ್ಕ್ರೀನಿಗೆ ಎಂಟು ನೂರರ ಅಳತೆ ಇಟ್ಟಿದ್ದರು, ಅದರಲ್ಲಿ ಅಕ್ಷರ ದೊಡ್ಡದಾಗಿ ಕಾಣುತ್ತಿದ್ದವು. ಪುಟ ಪೂರ್ತಿ ಕಾಣುವುದಿಲ್ಲ ಎಂದು ಸಾವಕಾರರು ಗೊಣಗಿದರು. ಅವರನ್ನು ಮೆಚ್ಚಿಸಲು ನಾನು ಒಂದೊಂದೇ ಮಶೀನಿನ ಫೈಲು ತೆರೆದು ಅದಕ್ಕೂ ದೊಡ್ಡ ಅಳತೆ ಹಾಕಿದೆ. ಪುಟವೇನೋ ಪೂರ್ತಿ ಕಂಡಿತು. ಆದರೆ ಹದಿನಾಲ್ಕು ಇಂಚಿನ ಹಳೆಯ ಮಾನಿಟರಿನ ಮೇಲೆ ಅಕ್ಷರಗಳು ರಾಗಿ ಕಾಳಿನಷ್ಟಾದವು. ಸ್ಕ್ರೀನು ಸಣ್ಣಗೆ ನಡುಗುತ್ತಲೂ ಇತ್ತು. ಕೊನೆಯ ಮಶೀನಿಗೆ ಬಂದಾಗ ಬೇರೆ ಮಾನಿಟರಿನ ಅಂಕಿಯನ್ನು ಇದಕ್ಕೆ ಬರೆದುಬಿಟ್ಟೆ. ಅದು ಸೀಟಿ ಹೊಡೆದಂತೆ ಕೂಗಿತು. ಅಡ್ಡಡ್ಡ ಗೆರೆಗಳು ಓಡಿ ಸ್ಕ್ರೀನು ಕಪ್ಪಾಯಿತು. ಟೈಪ್‌ರೈಟರಾಗಿದ್ದರೆ ಎಲ್ಲಿ ಕೆಟ್ಟಿದೆ ಎಂದು ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಸಿಗುತ್ತಿತ್ತು. ಇಲ್ಲಿ ಮುಟ್ಟುವುದಕ್ಕೆ ಏನೂ ಇರಲಿಲ್ಲ. ಮೇಷ್ಟ್ರು ಬಂದು ಸರಿಪಡಿಸುವವರೆಗೆ ಸಾವಕಾರರು ನನ್ನ ಮುಖ ನೋಡಿ ಮಾತಾಡಲಿಲ್ಲ. ಅಂದಿನಿಂದ ಆ ಫೈಲಿನ ತಂಟೆಗೆ ಹೋಗಬಾರದೆಂದು ನಿಶ್ಚಯ ಮಾಡಿದೆ.

ಆಮೇಲೆ ಕೆಲವೇ ದಿನಗಳಲ್ಲಿ ಬಾಯಾರು ಎಲ್ಲರೆದುರು ನನ್ನನ್ನು ಕೇಳಿದರು. ಟೈಪಿಂಗ್ ಕ್ಲಾಸಿನ ಕಾಲದಿಂದಲೂ ನನ್ನನ್ನು ಎಲ್ಲರೂ ಮಾಸ್ತರ ಎಂದೇ ಕರೆಯುತ್ತಿದ್ದರು.

'ಮಾಸ್ತರ, ಇರುವಿ ಮೆರವಣಿಗಿ ನೋಡಿದಂಗ ಆಗಾಕತ್ತೈತ್ರಿ ನನಗ. ಈ ಅಕ್ಷರ ಸ್ವಲ್ಪ ದೊಡ್ಡವು ಮಾಡಾಕ ಬರ್ತೈತೇನು?'

ಸುತ್ತ ಕೂತು ಟೈಪ್ ಮಾಡುತ್ತಿದ್ದ ಹುಡುಗಿಯರು ನಕ್ಕರು, ಬಾಯಾರೂ ನಕ್ಕರು. ಹಳೆಯ ಅಳತೆಗೆ ಮರಳಿಸಬಹುದೆಂದು ನನಗೆ ಗೊತ್ತಿತ್ತು. ಆದರೆ ಮತ್ತೆ ಆ ಫೈಲು ತೆರೆಯಬೇಕು, ಮತ್ತೆ ಕಪ್ಪಾದರೆ ಯಾರಿಗೆ ಮುಖ ತೋರಿಸುವುದು? ಹೆದರಿಕೆ ಆಗುತ್ತದೆ ಎಂದು ಹೇಳಿದ್ದರೆ ಆಗುತ್ತಿತ್ತು. ಬಾಯಾರು ಅರ್ಥ ಮಾಡಿಕೊಳ್ಳುವವರೇ. ಬದಲಿಗೆ ನಾನು ದೊಡ್ಡ ತಜ್ಞನ ಹಾಗೆ, ಈ ಮಶೀನಿನಲ್ಲಿ ಅದು ಆಗುವುದಿಲ್ಲ, ಮಾನಿಟರಿನ ಗುಣವೇ ಹಾಗೆ ಎಂದೆ. ಅವರು ಒಪ್ಪಿಕೊಂಡರು. ನಾನು ಹೇಳಿದ್ದನ್ನು ಅವರು ಯಾವತ್ತೂ ಒಪ್ಪಿಕೊಳ್ಳುತ್ತಿದ್ದರು.

ಅಂದಿನಿಂದ ಅವರು ಕುರ್ಚಿ ಮುಂದೆ ಎಳೆದುಕೊಂಡು, ಮೂಗು ಗಾಜಿಗೆ ತಾಗುವಷ್ಟು ಬಾಗಿ ಕೂಡತೊಡಗಿದರು. ಬೆರಳುಗಳು ಮೊದಲಿನಷ್ಟೇ ಚುರುಕಾಗಿದ್ದವು. ಹಾಳೆ ನೋಡಿ ಹೊಡೆಯುವಾಗ ಅಡ್ಡಿಯಿಲ್ಲ. ಹೊಡೆದದ್ದನ್ನು ಸ್ಕ್ರೀನಿನ ಮೇಲೆ ತಿದ್ದುವಾಗ ಮೂರು ಯಾವುದು ಎಂಟು ಯಾವುದು ತಿಳಿಯುತ್ತಿರಲಿಲ್ಲ. ಸಂಜೆ ಇಳಿದು ಹೋಗುವಾಗ ಕಣ್ಣಿಂದ ನೀರು ಸುರಿಯುತ್ತಿತ್ತು. ಸೆರಗಿನಿಂದ ಒರೆಸಿಕೊಂಡು ಮೆಟ್ಟಿಲುಗಳನ್ನು ಗೋಡೆ ಹಿಡಿದು ಇಳಿಯುತ್ತಿದ್ದರು.

ಒಂದು ದಿನ ಅವರು ರಜೆ ಹಾಕಿ ಕಣ್ಣಿನ ಡಾಕ್ಟರರ ಹತ್ತಿರ ಹೋಗಿದ್ದರು. ಅದೇ ದಿನ ಕಾಲೇಜಿನ ಮೇಷ್ಟ್ರು ಒಂದು ಹೊಸ ಮಶೀನು ಕೂಡಿಸಲು ಬಂದರು. ಕೆಲಸ ಮುಗಿಸಿ ಏಳುವಾಗ, ಇಷ್ಟು ಸಣ್ಣ ಅಕ್ಷರ ಯಾಕೆ ಇಟ್ಟಿದ್ದೀರಿ ಎಂದು ಕೇಳಿ, ಕೀಬೋರ್ಡಿನ ಎರಡು ಕೀ ಎಡಗೈಯಲ್ಲಿ ಒತ್ತಿ ಹಿಡಿದು, ಬಲಬದಿಯ ಅಂಕಿಗಳ ಹತ್ತಿರದ ಪ್ಲಸ್ ಗುರುತನ್ನು ಒತ್ತಿದರು. ಸ್ಕ್ರೀನು ಒಮ್ಮೆ ಕಣ್ಣು ಮಿಟುಕಿಸಿತು. ಅಕ್ಷರಗಳು ದಪ್ಪಗೆ, ದೊಡ್ಡದಾಗಿ ಎದ್ದು ನಿಂತವು. ನಡುಕವೂ ನಿಂತಿತು. ಪುಟದ ಒಂದು ಭಾಗ ಮಾತ್ರ ಕಾಣುತ್ತಿತ್ತು, ಮೌಸ್ ಸರಿಸಿದರೆ ಉಳಿದದ್ದು ತಾನೇ ಬರುತ್ತಿತ್ತು. ಮೈನಸ್ ಒತ್ತಿದರೆ ಮೊದಲಿನಂತೆ. ಆವತ್ತು ಕಪ್ಪಾದ ಮಾನಿಟರು ಸರಿಪಡಿಸಲು ಬಂದಾಗಲೇ ಸಣ್ಣ, ನಡು, ದೊಡ್ಡ ಎಂದು ಮೂರು ಅಳತೆಗಳನ್ನು ಎಲ್ಲ ಮಶೀನುಗಳಲ್ಲೂ ಬರೆದಿಟ್ಟಿದ್ದೇನೆ, ಫೈಲು ತೆರೆಯುವ ಕಾರಣವೇ ಇಲ್ಲ ಎಂದರು. ನಿಮಗೆ ಗೊತ್ತಿರಬೇಕಲ್ಲ ಎಂದೂ ಸೇರಿಸಿದರು.

'ಗೊತ್ತೈತ್ರಿ ಸರ್' ಎಂದೆ ನಾನು.

ಮರುದಿನ ಬಾಯಾರು ಬಂದು, ಡಾಕ್ಟರು ಇನ್ನು ಚಸ್ಮಾದಿಂದ ಆಗುವುದು ಏನೂ ಇಲ್ಲ ಎಂದರು ಎಂದು ನಗುತ್ತಲೇ ಹೇಳಿದರು. ಎಲ್ಲರೂ ಚಹಾಕ್ಕೆ ಕೆಳಗಿಳಿದ ಮೇಲೆ ಹೇಳೋಣ ಎಂದುಕೊಂಡೆ. ಹುಡುಗಿಯರು ಇಳಿದರು. ತಡವಾದ ಪುಟಗಳನ್ನು ತುಂಬಿಕೊಳ್ಳಲು ಬಾಯಾರು ಕೂತೇ ಇದ್ದರು. ಮಾಳಿಗೆಯಲ್ಲಿ ನಾವಿಬ್ಬರೇ. ಎದ್ದು ಅವರ ಕುರ್ಚಿಯ ಹಿಂದೆ ಹೋಗಿ ನಿಂತೆ. ಕೈ ಚಾಚಿದರೆ ಕೀಬೋರ್ಡು ಸಿಗುತ್ತಿತ್ತು. ಅವರು ತಿರುಗಿ, ಏನು ಮಾಸ್ತರ ಎಂದರು. ಇಷ್ಟು ದಿನ ಯಾಕೆ ಮಾಡಲಿಲ್ಲ ಎಂದು ಕೇಳಿದರೆ ಏನು ಹೇಳಲಿ? ಸಂಜೆಯೊಳಗೆ ಹುಡುಗಿಯರಿಗೆ ಗೊತ್ತಾಗುತ್ತದೆ, ಮಾಸ್ತರಿಗೆ ಒಂದು ಕೀ ಒತ್ತಲು ಬರುತ್ತಿರಲಿಲ್ಲ ಎಂದು ನಗುತ್ತಾರೆ. ಫ್ಯಾನು ಜೋರು ಮಾಡಲೇ ಎಂದು ಕೇಳಿ, ಜೋರು ಮಾಡಿ, ನನ್ನ ಜಾಗಕ್ಕೆ ಬಂದು ಕೂತೆ.

ಹೀಗೇ ಮಳೆಗಾಲ ಕಳೆಯಿತು. ದಿನಾ ನಾಳೆ ಹೇಳುತ್ತೇನೆ ಎಂದುಕೊಳ್ಳುವುದು, ದಿನ ಹೋದಷ್ಟೂ ಹೇಳುವುದು ಇನ್ನೂ ಕಷ್ಟವಾಗುವುದು. ದೇವರ ಮುಂದೆ ಕೂತಾಗಲೂ ಆ ಪ್ಲಸ್ ಗುರುತು ಕಣ್ಣ ಮುಂದೆ ಬರುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ದೀಪಾವಳಿಯ ಮುಂಚೆ ಬಾಯಾರು ಮಾಡಿದ ಒಂದು ಇಡೀ ಪುಸ್ತಕ ತಪ್ಪು ತುಂಬಿದೆ ಎಂದು ವಾಪಸು ಬಂತು. ಸಾವಕಾರರು ಮಾಳಿಗೆ ಹತ್ತಿ ಬಂದರು. ಕೆಟ್ಟ ಮನುಷ್ಯರಲ್ಲ, ಬಾಯಾರನ್ನು ಕಳಿಸಲು ಅವರಿಗೂ ಮನಸ್ಸಿರಲಿಲ್ಲ. ಬಾಯಾರ ಪಕ್ಕದಲ್ಲಿ ನಿಂತು ಸ್ಕ್ರೀನು ನೋಡಿ, ನನ್ನ ಕಡೆ ತಿರುಗಿದರು.

'ಮಾಸ್ತರ, ಇವರ ಮಶೀನಿಂದಷ್ಟ ಅಕ್ಷರ ದೊಡ್ಡವು ಮಾಡಾಕ ಆಗೂದಿಲ್ಲೇನ್ರಿ? ಪುಟ ಪೂರಾ ಕಾಣದಿದ್ದರ ಚಿಂತಿಲ್ಲ.'

ಬಾಯಾರು ನನ್ನ ಮುಖ ನೋಡಿದರು. ಅಷ್ಟು ದೂರದಿಂದ ಅವರಿಗೆ ನನ್ನ ಮುಖ ಕಾಣುತ್ತಿತ್ತೋ ಇಲ್ಲವೋ. ಆದರೂ ನನ್ನ ಕಡೆಗೇ ನೋಡುತ್ತಿದ್ದರು.

'ಆಗಂಗಿಲ್ರಿ ಸಾವಕಾರ' ಎಂದೆ.

'ಪಕ್ಕಾನ?'

'ಪಕ್ಕಾ ರಿ.'

ಮೊದಲ ಸಲ ಹಾಗೆಂದದ್ದು ಹೆದರಿಕೆಯಿಂದ. ಈ ಸಲ ಹೆದರಿಕೆಯೂ ಇರಲಿಲ್ಲ. ಆ ಕೀ ಒತ್ತಿದರೆ ಏನೂ ಸುಡುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಮಾನ ಉಳಿಯಲಿ ಎಂದು ಒಬ್ಬ ಹೆಣ್ಣುಮಗಳ ಅನ್ನಕ್ಕೆ ಮಣ್ಣು ಹಾಕಿದೆ. ಇದಕ್ಕೆ ಬೇರೆ ಹೆಸರು ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಸಾವಕಾರರು ಬಾಯಾರಿಗೆ ಆ ತಿಂಗಳ ಪಗಾರ ಪೂರ್ತಿ ಕೊಟ್ಟು ಕೈಮುಗಿದರು. ಬಾಯಾರು ಕೀಬೋರ್ಡನ್ನು ಬಟ್ಟೆಯಿಂದ ಒರೆಸಿ, ಕುರ್ಚಿಯ ಮೇಲಿನ ತಮ್ಮ ಸಣ್ಣ ದಿಂಬನ್ನು ಚೀಲಕ್ಕೆ ಹಾಕಿಕೊಂಡರು. ಹೋಗುವಾಗ ನನ್ನ ಟೇಬಲ್ಲಿನ ಹತ್ತಿರ ನಿಂತು, ನೀವರ ಏನು ಮಾಡ್ತೀರಿ ಮಾಸ್ತರ, ನನ್ನ ಕಣ್ಣೇ ಸುಮಾರು ಅಂದರು.

ಎಲ್ಲರೂ ಹೋದ ಮೇಲೆ ಅವರ ಮಶೀನಿನ ಮುಂದೆ ಕೂತು ಆ ಕೀಗಳನ್ನು ಒತ್ತಿದೆ. ಅವರು ಅರ್ಧಕ್ಕೆ ಬಿಟ್ಟ ಪುಟ ದೊಡ್ಡದಾಗಿ ಮೇಲೆದ್ದು ಬಂತು. ಎದ್ದು ಬಾಗಿಲ ತನಕ ನಡೆದು ಅಲ್ಲಿಂದ ತಿರುಗಿ ನೋಡಿದೆ. ಅಷ್ಟು ದೂರದಿಂದಲೂ ಓದಲು ಬರುತ್ತಿತ್ತು. ಕೆಳಗೆ ಬಜಾರಿನಲ್ಲಿ ಆಕಾಶಬುಟ್ಟಿ ಮಾರುವವರು ಕೂಗುತ್ತಿದ್ದರು. ಮರಳಿ ಬಂದು ಮೈನಸ್ ಒತ್ತಿ, ಅಕ್ಷರಗಳನ್ನು ಸಣ್ಣದು ಮಾಡಿ, ಬಾಗಿಲು ಹಾಕಿಕೊಂಡು ಮನೆಗೆ ಹೋದೆ.

ಬಾಯಾರಿಗೆ ಬೇರೆ ಕೆಲಸ ಸಿಗಲಿಲ್ಲ. ತಮ್ಮನ ಹೆಂಡತಿ ಕೆಲಸದವಳನ್ನು ಬಿಡಿಸಿದಳಂತೆ, ಭಾಂಡೆ ತಿಕ್ಕುವುದು, ರೊಟ್ಟಿ ಬಡಿಯುವುದು ಎಲ್ಲ ಬಾಯಾರ ಪಾಲಿಗೆ ಬಂತಂತೆ ಎಂದು ಹುಡುಗಿಯೊಬ್ಬಳು ಹೇಳಿದಳು. ಕೇಳಿ ಕೀಬೋರ್ಡು ನೋಡುತ್ತ ಕೂತೆ. ಕೆಲವು ವರ್ಷಕ್ಕೆ ಆ ಮಾಳಿಗೆಯೂ ಮುಚ್ಚಿತು. ನನಗೆ ಕೆಲಸವೂ ಹೋಯಿತು, ಹೇಳದೆ ಉಳಿಸಿಕೊಂಡಿದ್ದ ಮಾನವೂ ಯಾರಿಗೂ ಬೇಡವಾಯಿತು.

ನನ್ನ ಹೆಂಡತಿ ತೀರಿದ ಮರುವರ್ಷ ಬಾಯಾರ ಮನೆ ಹುಡುಕಿಕೊಂಡು ಹೋದೆ. ಪಡಸಾಲೆಯಲ್ಲಿ ಕೂತು ಬೆರಳಿನಿಂದಲೇ ತಡವುತ್ತ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದರು. ನಾನು ಕರೆದಾಗ ದನಿ ಗುರುತು ಹಿಡಿದು, ಬರ್ರಿ ಮಾಸ್ತರ, ಕುಂದರ್ರಿ ಎಂದು ಅಕ್ಕಿಯ ಮೊರವನ್ನು ಬದಿಗೆ ಸರಿಸಿದರು. ತಮ್ಮನ ಮಗಳು ಕಾಲೇಜಿಗೆ ಹೋಗುತ್ತಾಳೆ, ಅವಳ ಕಂಪ್ಯೂಟರಿನಲ್ಲಿ ಅಕ್ಷರ ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡಬಹುದಂತೆ ಎಂದು ತಾವಾಗಿಯೇ ಹೇಳಿದರು. ನಮ್ಮ ಕಾಲದ ಮಶೀನಿನಲ್ಲಿ ಅದು ಇರಲಿಲ್ಲ, ಈಗಿನವರ ಪುಣ್ಯ ಅಂದರು.

'ನಮ್ಮ ಮಶೀನ್ದಾಗೂ ಇತ್ತರಿ ಬಾಯಾರ.'

ಅವರ ಕೈ ಮೊರದ ಅಂಚಿನ ಮೇಲೆ ನಿಂತಿತು.

'ಸಾವಕಾರ್ರು ಕೇಳಿದ ದಿನ ನಿಮಗ ಗೊತ್ತಿತ್ತೇನ್ರಿ?'

'ಗೊತ್ತಿತ್ರಿ.'

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಅವರ ಕಾಲ ಮೇಲೆ ಬೀಳಬಹುದಿತ್ತು. ಅವರು ಗೋಡೆಯ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದರು.

'ಇಷ್ಟ ವರ್ಷ ನನ್ನ ಕಣ್ಣಿಗೇ ಬೈಕೋತ ಬಂದ್ನೆಲ್ರಿ ಮಾಸ್ತರ.'

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಗೋಡೆ ಹಿಡಿದು ಎದ್ದರು. ಚಹಾ ಕುಡಿದು ಹೋಗಿ ಎಂದು ಹೇಳಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ತಮ್ಮನ ಮಗಳು ಚಹಾ ತಂದಿಟ್ಟಳು. ಬಾಯಾರು ಬರಬಹುದೆಂದು ಕಾಯುತ್ತ ಕೂತೆ. ಚಹಾದ ಮೇಲೆ ಕೆನೆ ಕಟ್ಟಿತು. ಆ ಹುಡುಗಿ ಮತ್ತೆ ಹೊರಗೆ ಬಂದು, ಅತ್ತಿ ಮಲಗ್ಯಾರ್ರಿ, ಏನರ ಹೇಳೂದಿತ್ತೇನು ಎಂದು ಕೇಳಿದಳು.

ಇಲ್ಲವ್ವ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡೆ.