ಅವ್ವ ಬಿಡಿಸಿದ ರೀಸನಿಂಗ್

ಮೊದಲ ಸಲ ಬ್ಯಾಂಕ್ ಪರೀಕ್ಷೆಯಲ್ಲಿ ನಾನು ಮುಗ್ಗರಿಸಿದ್ದು ಲೆಕ್ಕದಲ್ಲಲ್ಲ. ಇಂಗ್ಲಿಷಿನಲ್ಲೂ ಅಲ್ಲ. ರೀಸನಿಂಗ್‌ನಲ್ಲಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಸವಣೂರಿನ ನಮ್ಮ ಓಣಿಯಲ್ಲಿ ಬಿ.ಎ. ಮುಗಿಸಿದ ಮೊದಲ ಹುಡುಗಿ ನಾನು. (ಆ ಜಂಬ ಇಂದಿಗೂ ಇಳಿದಿಲ್ಲ, ಕ್ಷಮಿಸಿ.) ಹುಬ್ಬಳ್ಳಿಯಿಂದ ತರಿಸಿದ ದಪ್ಪ ಗೈಡನ್ನು ಪೂರ್ತಿ ಉರು ಹೊಡೆದಿದ್ದೆ. ಆದರೆ ಅದರಲ್ಲಿ ಒಂದು ನಮೂನೆಯ ಪ್ರಶ್ನೆಗಳಿದ್ದವು. ಒಂದು ಹೇಳಿಕೆ ಕೊಟ್ಟು, ಅದರ ಹಿಂದೆ ಅಡಗಿರುವ ಅಸಂಪ್ಶನ್ ಯಾವುದು ಎಂದು ಕೇಳುವುದು. ಅಂದರೆ, ಬಾಯಿಬಿಟ್ಟು ಹೇಳದೆ ನಿಜವೆಂದೇ ಹಿಡಿದುಕೊಂಡ ಸಂಗತಿ. ಹೇಳಿದ್ದನ್ನು ಉರು ಹೊಡೆಯಬಹುದು. ಹೇಳದೆ ಬಿಟ್ಟದ್ದನ್ನು?

ಅವ್ವ ಮನೆಯಲ್ಲಿ ಕುಳಿತು ವೀಳ್ಯದೆಲೆ ಒರೆಸಿ ಕಟ್ಟು ಕಟ್ಟುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಒಂದು ಮಧ್ಯಾಹ್ನ ನಾನು ಬೇಸತ್ತು ಗೈಡನ್ನು ಮೂಲೆಗೆ ಎಸೆದಾಗ, ಅದರಲ್ಲಿ ಅಂಥದ್ದೇನಿದೆ, ಓದಿ ಹೇಳು ಅಂದಳು. ಕನ್ನಡಕ್ಕಿಳಿಸಿ ಹೇಳಿದೆ. ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಶಾಲೆಗೆ ಕಳಿಸಿರಿ ಎಂದು ಹೆಡ್‌ಮಾಸ್ತರರು ಎಲ್ಲ ಪಾಲಕರಿಗೂ ಪತ್ರ ಬರೆದರು. ಇದರಲ್ಲಿ ಅಡಗಿರುವುದೇನು? ಹೊತ್ತಿಗೆ ಸರಿಯಾಗಿ ಬಂದ ಮಕ್ಕಳು ಜಾಣರಾಗುತ್ತಾರೆ ಎಂದು ನಾನು ಗುರುತು ಹಾಕಿದ್ದೆ. ಉತ್ತರ ಇನ್ನೂ ನೋಡಿರಲಿಲ್ಲ.

ಅವ್ವ ಎಲೆ ಒರೆಸುವುದನ್ನು ನಿಲ್ಲಿಸಲೂ ಇಲ್ಲ.

“ಹಡದವ್ರಿಗೆಲ್ಲಾ ಓದಾಕ ಬರ್ತೈತಿ ಅಂತ ತಿಳ್ಕೊಂಡಾನ ಮಾಸ್ತರ,” ಅಂದಳು.

ಗೈಡಿನ ಕೊನೆಯ ಪುಟ ತೆಗೆದು ನೋಡಿದೆ. ಅದೇ ಉತ್ತರ.

ಬಿ.ಎ. ಓದಿದ ನನಗೆ ಅದು ಕಂಡಿರಲೇ ಇಲ್ಲ. ಯಾಕೆ ಕಂಡೀತು? ಎಲ್ಲರೂ ಓದಬಲ್ಲರೆಂದು ನಾನೂ ಹಿಡಿದುಕೊಂಡಿದ್ದೆನಲ್ಲ. ಬೋರ್ಡು, ನೋಟೀಸು, ಚೀಟಿ ಎಲ್ಲವೂ ಅವ್ವನನ್ನು ಬಿಟ್ಟು ಉಳಿದವರ ಜೊತೆ ಮಾತಾಡುತ್ತಿದ್ದವು. ಎಲ್ಲಿ ಯಾರನ್ನು ಬಿಟ್ಟಿದ್ದಾರೆ ಎಂಬುದು ಹೊರಗುಳಿದವರಿಗಲ್ಲದೆ ಇನ್ನಾರಿಗೆ ಗೊತ್ತಾಗಬೇಕು?

ಅಲ್ಲಿಂದ ದಿನಾ ಮಧ್ಯಾಹ್ನ ಕ್ಲಾಸು. ನಾನು ಓದುವುದು, ಅವ್ವ ಬಿಡಿಸುವುದು. ಅವಳೂ ತಪ್ಪುತ್ತಿದ್ದಳು. (ಆಗ ಗೈಡ್ ಬರೆದವನಿಗೇ ಬುದ್ಧಿಯಿಲ್ಲ ಅನ್ನುತ್ತಿದ್ದಳು.) ಜೊತೆಗೆ ನಾನೊಂದು ಉಪಾಯ ಕಂಡುಕೊಂಡೆ. ಇದೇ ಅಸಂಪ್ಶನ್ ಇರಬಹುದೇ ಎಂದು ಸಂಶಯ ಬಂದ ಮಾತನ್ನು ಉಲ್ಟಾ ಮಾಡಿ ನೋಡುವುದು. ಆಗ ಕೊಟ್ಟ ಹೇಳಿಕೆ ಕುಸಿದರೆ, ಆ ಮಾತೇ ಉತ್ತರ.

ಎರಡನೇ ಸಲದ ಪರೀಕ್ಷೆಗೆ ಐದು ದಿನ ಉಳಿದಿತ್ತು. ಹಿರೇಕೆರೂರಿನ ಕಡೆಯವರು ನನ್ನನ್ನು ನೋಡಲು ಬಂದರು. ಹೊಲ-ಮನೆ ಚೆನ್ನಾಗಿದ್ದವರು. ಅಪ್ಪ ಒಳಗೊಳಗೇ ಒಪ್ಪಿಬಿಟ್ಟಿದ್ದ. ಅವಲಕ್ಕಿ ತಿನ್ನುತ್ತ ಹುಡುಗನ ತಂದೆ, ತಮ್ಮ ಮನೆಯ ಸೊಸೆಯರು ನೌಕರಿಗೆ ಹೋಗುವವರಲ್ಲ, ಹಾಗಾಗಿ ಹುಡುಗಿ ರವಿವಾರ ಪರೀಕ್ಷೆಗೆ ಹೋಗುವುದು ಬೇಡ ಅಂದರು. ಅಪ್ಪ ತಲೆಯಾಡಿಸಿದ. ನಾನು ಚಹಾದ ಕಪ್ಪುಗಳನ್ನು ಅವರ ಮುಂದಿಟ್ಟೆ.

ಅಡುಗೆಮನೆಯ ಬಾಗಿಲಿಂದ ಅವ್ವನ ದನಿ ಬಂತು. ತಣ್ಣಗೆ.

“ಯಜಮಾನ್ರ, ಸಿಟ್ಟಾಗಬ್ಯಾಡ್ರಿ. ನಮ್ಮ ಹುಡುಗಿ ಆಗಲೇ ನಿಮ್ಮ ಸೊಸಿ ಆಗ್ಯಾಳ ಅಂತ ಹಿಡಕೊಂಡು ಮಾತಾಡಾಕತ್ತೀರಿ. ಹೂಂ ಅಂತ ನಾವಿನ್ನೂ ಅಂದಿಲ್ಲರಿ.”

ನಾನು ಮನಸ್ಸಿನಲ್ಲೇ ಉಲ್ಟಾ ಮಾಡಿ ನೋಡಿದೆ. ಹುಡುಗಿ ಇನ್ನೂ ಸೊಸೆಯಲ್ಲ. ಅವರ ಮಾತು ಕುಸಿದೇ ಬಿತ್ತು!

ಅವರು ಚಹಾ ಕುಡಿದು ಎದ್ದರು. ಮತ್ತೆ ಬರಲಿಲ್ಲ. ಅಪ್ಪ ನಾಲ್ಕು ದಿನ ಅವ್ವನ ಜೊತೆ ಮಾತು ಬಿಟ್ಟ. ರವಿವಾರ ಬೆಳಗ್ಗೆ ಒಬ್ಬಳೇ ಹೊರಡೋಣವೆಂದು ಬಾಗಿಲಿಗೆ ಬಂದರೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಪ್ಪ ಹೊರಗೆ ನಿಂತಿದ್ದ. ಯಲವಿಗಿ ಸ್ಟೇಷನ್ನಿನವರೆಗೂ ಬಂದ. ಹುಬ್ಬಳ್ಳಿ ರೈಲು ಹತ್ತಿಸಿದ. ಕಿಟಕಿಯ ಹತ್ತಿರ ಬಂದು ಒಂದೇ ಮಾತು ಅಂದ.

“ನಿಮ್ಮವ್ವ ಹೇಳಿಕೊಟ್ಟಂಗ ಬರಿ.”

ಬರೆದೆ. ಪಾಸಾದೆ. ಹಾನಗಲ್ಲಿಗೆ ಪೋಸ್ಟಿಂಗ್ ಆಯಿತು. ಹಾಜರಾದ ದಿನ ಮ್ಯಾನೇಜರರು, ಎಲ್ಲರೂ ರೀಸನಿಂಗ್‌ನಲ್ಲೇ ಸೋಲುತ್ತಾರೆ, ನಿಮಗೆ ಅದನ್ನು ಕಲಿಸಿದವರು ಯಾರು ಎಂದು ಕೇಳಿದರು. ನಮ್ಮವ್ವ ಸರ್, ಅಂದೆ. ಎದೆ ಉಬ್ಬಿಸಿಯೇ ಅಂದೆ.

“ಹೌದೇನ್ರಿ? ಯಾವ ಕಾಲೇಜಿನ್ಯಾಗ ಲೆಕ್ಚರರ್ ಅದಾರ ಅವರು?”

ಓದುಗರೇ, ಈ ಪ್ರಶ್ನೆಯೊಳಗೆ ಅಡಗಿ ಕುಳಿತ ಅಸಂಪ್ಶನ್ ಯಾವುದು?